ಕಾಕಾಗೆ ಟಾನಿಕ್ ಯಾಕೆ ಬೇಡ ಅಂದೆ

ಊರಿಗೆ ಹೋದಾಗಲೆಲ್ಲ ಯಾರಾದರೂ ಒಂದು ಡಬ್ಬಿ ತಂದು ಕೈಗಿಡುತ್ತಾರೆ. "ನೋಡವಾ, ನಮ್ಮ ಅಳಿಯ ಪುಣೆಯಿಂದ ತಂದಾನ. ಮೈಟೊಕಾಂಡ್ರಿಯಾಕ್ಕ ಶಕ್ತಿ ಕೊಡತೈತಂತ. ನಿಮ್ಮ ಕಾಕಾಗ ಕೊಡಾಕ ಬರತೈತೇನು?" ಡಬ್ಬಿಯ ಮೇಲೆ ಕೊಎನ್‌ಜೈಮ್ ಕ್ಯೂ10 ಅಂತ ಬರೆದಿರುತ್ತದೆ. ಕೊಡುವವರ ಮನಸ್ಸು ಒಳ್ಳೆಯದು. ಅವರು ಕೇಳಿಕೊಂಡು ಬಂದದ್ದೂ ಅರ್ಧ ನಿಜ. ಕಾಕಾಗೆ ಇರುವ ಪಾರ್ಕಿನ್ಸನ್ (ಕಂಪವಾತ) ಕಾಯಿಲೆಯಲ್ಲಿ ಮಿದುಳಿನ ಕೆಲವು ಜೀವಕೋಶಗಳ ಮೈಟೊಕಾಂಡ್ರಿಯಾ, ಅಂದರೆ ಕೋಶಕ್ಕೆ ಶಕ್ತಿ ತಯಾರಿಸಿ ಕೊಡುವ ಸಣ್ಣ ಭಾಗಗಳು, ಸೋಲುತ್ತವೆ. ಆದರೆ ಶಕ್ತಿಯ ಮಾತ್ರೆ ನುಂಗಿದರೆ ಅವು ಎದ್ದು ನಿಲ್ಲುತ್ತವೆ ಅನ್ನೋದು ನಿಜ ಅಲ್ಲ. ಯಾಕೆ ಅಂತ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ತವರು ಇಳಕಲ್. ಅಪ್ಪ, ಕಾಕಾ ಇಬ್ಬರೂ ನೇಕಾರರು. ನೆಲದ ಕುಣಿಯಲ್ಲಿ ಕಾಲಿಟ್ಟು ಕೂತು ನೇಯುವ ಕೈಮಗ್ಗ ನಮ್ಮದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಕಾಕಾನ ಕೈ ಈ ಕೆಲಸಕ್ಕೆ ಓಣಿಯಲ್ಲೆಲ್ಲ ಹೆಸರಾಗಿತ್ತು. ಬೇರೆ ಮನೆಯವರೂ ಕರೆದುಕೊಂಡು ಹೋಗುತ್ತಿದ್ದರು.

ಮೊದಲು ನಿಧಾನವಾದದ್ದೇ ಆ ಕೊಂಡಿ ಹಾಕುವ ಕೆಲಸ. ನಡುಕ ಆಮೇಲೆ ಬಂತು. ಅದೂ ಸುಮ್ನೆ ಕೂತಾಗ ಮಾತ್ರ, ಬಲಗೈ ಹೆಬ್ಬೆರಳು ತೋರುಬೆರಳಿಗೆ ಉಜ್ಜಿದ ಹಾಗೆ. ಲಾಳಿ ಹಿಡಿದರೆ ಕೈ ಸ್ಥಿರ. "ಕೆಲಸ ಮಾಡೂ ಮುಂದ ನಡುಗೂದಿಲ್ಲ ಅಂದ ಮ್ಯಾಲೆ ಏನೂ ಆಗಿಲ್ಲ ಬಿಡು" ಅಂತ ಎಲ್ಲರೂ ಅಂದರು. ಪಾರ್ಕಿನ್ಸನ್‌ನ ನಡುಕದ ಗುರುತೇ ಅದು. ಕೈಗೆ ಕೆಲಸ ಸಿಕ್ಕಾಗ ಕಡಿಮೆಯಾಗುತ್ತದೆ, ಬಿಡುವಾದಾಗ ಜಾಸ್ತಿಯಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಕಾಕಾನ ಅಕ್ಷರ ತಿಂಗಳು ತಿಂಗಳಿಗೆ ಸಣ್ಣದಾಗುತ್ತಿತ್ತು. ಕಾಕಿ ಒಗ್ಗರಣೆ ಹಾಕಿದರೆ ವಾಸನೆ ಬರುತ್ತಿರಲಿಲ್ಲ. ಮಲಬದ್ಧತೆ ಅಂತೂ ಅದಕ್ಕಿಂತ ಹಳೆಯದು. ಇವೆಲ್ಲ ಒಂದೇ ಕಾಯಿಲೆಯ ಗುರುತು ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಒಂದು ದವಾಖಾನೆಯಲ್ಲಿ ನರದ ಬಲಹೀನತೆ ಅಂತ ಹೇಳಿ ಬಹಳ ದಿನ ಇಂಜೆಕ್ಷನ್ ಕೊಟ್ಟರು. ಕೊನೆಗೆ ನರರೋಗದ ಡಾಕ್ಟರ್ ಒಬ್ಬರು ಕಾಕಾಗೆ ನಾಲ್ಕು ಹೆಜ್ಜೆ ನಡೆಯಲು ಹೇಳಿದರು. ಬಲಗೈ ಬೀಸುತ್ತಿರಲಿಲ್ಲ. ಬೆರಳು ತಟ್ಟಲು ಹೇಳಿದರು. ಅಷ್ಟರಲ್ಲೇ ಅವರಿಗೆ ತಿಳಿದುಹೋಯಿತು.

ಆವತ್ತಿನಿಂದ ನಾನು ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಕ್ಲಾಸಿನಲ್ಲಿ ಮೈಟೊಕಾಂಡ್ರಿಯಾ ಪಾಠ ಒಂದೇ ಪೀರಿಯಡ್‌ನಲ್ಲಿ ಮುಗಿಯುತ್ತದೆ. ಚಿತ್ರ ಬರೆಸುತ್ತೇವೆ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಲ್ಲಿ ತಯಾರಾಗುತ್ತದೆ ಅನ್ನುತ್ತೇವೆ, ಮುಂದಕ್ಕೆ ಹೋಗುತ್ತೇವೆ. ಆದರೆ ಕಾಕಾನಂಥವರ ಮಿದುಳಿನಲ್ಲಿ ಏನಾಗುತ್ತದೆ ಅಂತ ತಿಳಿಯಬೇಕಾದರೆ ಎಟಿಪಿಗಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಈ ಮೈಟೊಕಾಂಡ್ರಿಯಾಗೆ ಬೇಕಾದ ಪ್ರೋಟೀನ್‌ಗಳು ಎಲ್ಲಿಂದ ಬರುತ್ತವೆ?

ಪ್ರೋಟೀನ್ ಅಂದ ಕೂಡಲೇ ನಮ್ಮ ಮಂದಿಗೆ ಬೇಳೆ, ಮೊಟ್ಟೆ ನೆನಪಾಗುತ್ತವೆ. ಇಲ್ಲಿ ಹೇಳುತ್ತಿರುವುದು ಜೀವಕೋಶ ತಾನೇ ತಯಾರಿಸಿಕೊಳ್ಳುವ ಪ್ರೋಟೀನ್‌ಗಳ ಬಗ್ಗೆ. ಮೈಟೊಕಾಂಡ್ರಿಯಾ ಒಳಗೆ ಸಾವಿರಕ್ಕೂ ಜಾಸ್ತಿ ಬಗೆಯ ಪ್ರೋಟೀನ್‌ಗಳಿವೆ. ಅದಕ್ಕೆ ಸ್ವಂತ ಡಿಎನ್ಎ ಇದೆ ನಿಜ, ಆದರೆ ಅದರಿಂದ ತಯಾರಾಗುವ ಪ್ರೋಟೀನ್ 13 ಮಾತ್ರ. ಉಳಿದದ್ದೆಲ್ಲ ಹೊರಗೆ ತಯಾರಾಗಿ ಒಳಗೆ ಬರಬೇಕು. ಬರುವ ದಾರಿ ಬಹಳ ಇಕ್ಕಟ್ಟು. ಹೊರಪೊರೆಯಲ್ಲಿ ಟಾಮ್ ಅನ್ನುವ ಬಾಗಿಲು, ಒಳಪೊರೆಯಲ್ಲಿ ಟಿಮ್ ಅನ್ನುವ ಬಾಗಿಲು. ಪ್ರೋಟೀನ್ ಮಡಚಿಕೊಂಡು ಗಂಟಾಗಿ ಬಂದರೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಮಗ್ಗದ ಹಣಿಗೆಯ ಸಂದಿನಲ್ಲಿ ಎಳೆ ಪೋಣಿಸಿದ ಹಾಗೆ, ಬಿಚ್ಚಿದ ಎಳೆಯಾಗಿ ತುದಿಯಿಂದ ನುಗ್ಗಬೇಕು. ಆ ತುದಿಯನ್ನು ಗುರುತು ಹಿಡಿದು ಒಳಗೆ ಕಳಿಸುವುದು ಟಾಮ್20 ಅನ್ನುವ ಪ್ರೋಟೀನ್. ಅದರ ಜೊತೆಗೆ ಟಾಮ್22 ಇರುತ್ತದೆ. ಇವೆರಡೂ ಕೂಡಿ ಕೆಲಸ ಮಾಡಬೇಕು.

ಈಗ ಆಲ್ಫಾ-ಸೈನ್ಯೂಕ್ಲಿನ್ ಬಗ್ಗೆ ಹೇಳಬೇಕು. ಇದು 140 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನ್. ನಮ್ಮೆಲ್ಲರ ಮಿದುಳಿನಲ್ಲೂ ಇದೆ, ಅದೇನು ವಿಷ ಅಲ್ಲ. ನರಕೋಶದ ತುದಿಗಳಲ್ಲಿದ್ದು ಅಲ್ಲಿನ ಸಣ್ಣ ಸಣ್ಣ ಚೀಲಗಳನ್ನು ಸಾಗಿಸುವ, ಬಿಡುವ ಕೆಲಸಕ್ಕೆ ನೆರವಾಗುತ್ತದೆ. ಅದಕ್ಕೆ ಗಟ್ಟಿ ಆಕಾರ ಇಲ್ಲ, ತಾಗಿದ ಪೊರೆಗೆ ತಕ್ಕಂತೆ ಆಕಾರ ಪಡೆಯುತ್ತದೆ. ಕೆಲವೊಮ್ಮೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ಫ್ರೆಡರಿಕ್ ಲೆವಿ ಅನ್ನುವ ವೈದ್ಯರು 1912ರಲ್ಲೇ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ದುಂಡನೆಯ ಮುದ್ದೆಗಳನ್ನು ಕಂಡಿದ್ದರು. ಅವುಗಳಲ್ಲಿ ತುಂಬಿರುವುದು ಆಲ್ಫಾ-ಸೈನ್ಯೂಕ್ಲಿನ್ ಅಂತ ಗೊತ್ತಾಗಿದ್ದು 1997ರಲ್ಲಿ. ಅದೇ ವರ್ಷ ಇಟಲಿ ಮೂಲದ ಒಂದು ದೊಡ್ಡ ಮನೆತನದಲ್ಲಿ, ಇದೇ ಪ್ರೋಟೀನ್‌ನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಪಾರ್ಕಿನ್ಸನ್ ಬರುತ್ತದೆ ಅಂತ ಕಂಡುಬಂತು.

ಬಹಳ ವರ್ಷ ಎಲ್ಲರ ಕಣ್ಣೂ ಆ ದೊಡ್ಡ ಮುದ್ದೆಯ ಮೇಲೇ ಇತ್ತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು 2016ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಬಂದ ಒಂದು ಸಂಶೋಧನೆ. ಬಿಡಿಬಿಡಿಯಾಗಿ ಇರುವ ಆಲ್ಫಾ-ಸೈನ್ಯೂಕ್ಲಿನ್ ಏನೂ ತೊಂದರೆ ಕೊಡಲಿಲ್ಲ. ಆದರೆ ಕೆಲವೇ ಕೆಲವು ಕೂಡಿ ಸಣ್ಣ ಗುಂಪಾದಾಗ, ಅಥವಾ ಡೋಪಮಿನ್ (ಚಲನೆಗೆ ಬೇಕಾದ ಸುದ್ದಿಯನ್ನು ನರಕೋಶದಿಂದ ನರಕೋಶಕ್ಕೆ ಮುಟ್ಟಿಸುವ ರಾಸಾಯನಿಕ) ತಾಗಿ ಬದಲಾದಾಗ, ಅದು ಹೋಗಿ ಟಾಮ್20ಗೆ ಅಂಟಿಕೊಂಡಿತು. ಅಂಟಿಕೊಂಡ ಮೇಲೆ ಟಾಮ್20 ಮತ್ತು ಟಾಮ್22 ಒಂದಕ್ಕೊಂದು ಸೇರಲಿಲ್ಲ. ಒಳಗೆ ಹೋಗಬೇಕಾದ ಪ್ರೋಟೀನ್‌ಗಳು ಹೊರಗೇ ಉಳಿದವು. ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ಹುಡುಕಿದಾಗ, ಸಾಯುವ ಕೋಶಗಳಿರುವ ಜಾಗದಲ್ಲೇ ಈ ಅಂಟು ಸಿಕ್ಕಿತು. ಪ್ರಯೋಗಾಲಯದ ಕೋಶಗಳಲ್ಲಿ ಟಾಮ್20ಯನ್ನು ಹೆಚ್ಚಿಸಿದಾಗ ಬಾಗಿಲು ಮತ್ತೆ ಕೆಲಸ ಮಾಡಿತು.

ಇದರ ಪರಿಣಾಮ ಎಷ್ಟು ಆಳ ನೋಡಿ. ಮೈಟೊಕಾಂಡ್ರಿಯಾ ಒಳಗೆ ಶಕ್ತಿ ತಯಾರಿಸುವ ಸರಣಿಯ ಮೊದಲ ಘಟಕಕ್ಕೆ ಕಾಂಪ್ಲೆಕ್ಸ್ 1 ಅನ್ನುತ್ತಾರೆ. ಸುಮಾರು 45 ಪ್ರೋಟೀನ್ ತುಂಡುಗಳು ಕೂಡಿ ಅದು ಆಗುತ್ತದೆ. ಅದರಲ್ಲಿ 7 ಮಾತ್ರ ಒಳಗೇ ತಯಾರಾಗುತ್ತವೆ. ಉಳಿದವು ಅದೇ ಬಾಗಿಲಿನಿಂದ ಬರಬೇಕು. ಬಾಗಿಲು ಕಟ್ಟಿದರೆ ಕಾಂಪ್ಲೆಕ್ಸ್ 1 ಅರೆಬರೆಯಾಗುತ್ತದೆ. ಅರೆಬರೆ ಕಾಂಪ್ಲೆಕ್ಸ್‌ನಿಂದ ಎಲೆಕ್ಟ್ರಾನ್ ಸೋರುತ್ತವೆ, ಆಕ್ಸಿಜನ್‌ನ ಹಾನಿಕರ ರೂಪಗಳು ಹುಟ್ಟುತ್ತವೆ. ಅವು ಇನ್ನಷ್ಟು ಆಲ್ಫಾ-ಸೈನ್ಯೂಕ್ಲಿನ್ ಅನ್ನು ಕೆಡಿಸುತ್ತವೆ. ಕೆಟ್ಟದ್ದು ಮತ್ತೆ ಬಾಗಿಲಿಗೆ ಅಂಟುತ್ತದೆ. ಯಾವುದು ಮೊದಲು ಶುರುವಾಯಿತು ಅನ್ನೋದು ಒಬ್ಬೊಬ್ಬ ರೋಗಿಯಲ್ಲಿ ಬೇರೆ ಇರಬಹುದು. ಒಮ್ಮೆ ಶುರುವಾದ ಮೇಲೆ ಒಂದು ಇನ್ನೊಂದನ್ನು ಬೆಳೆಸುತ್ತಲೇ ಹೋಗುತ್ತದೆ.

ಹಾಗಾದರೆ ಮಿದುಳಿನ ಬೇರೆ ಕೋಶಗಳೆಲ್ಲ ಯಾಕೆ ಇಷ್ಟು ಬೇಗ ಸಾಯುವುದಿಲ್ಲ? ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದು, ಬಹಳ ಒಳ್ಳೆಯ ಪ್ರಶ್ನೆ. ಮಿದುಳಿನ ತೂಕ ದೇಹದ ನೂರರಲ್ಲಿ 2 ಭಾಗ, ಆದರೆ ಶಕ್ತಿಯಲ್ಲಿ ಸುಮಾರು 20 ಭಾಗ ಅದಕ್ಕೇ ಬೇಕು. ಅದರಲ್ಲೂ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನುವ ಕಪ್ಪು ಭಾಗದ ಡೋಪಮಿನ್ ಕೋಶಗಳ ದುಡಿತ ಬೇರೆಯೇ. ಒಂದೊಂದು ಕೋಶವೂ ಲೆಕ್ಕವಿಲ್ಲದಷ್ಟು ಕವಲೊಡೆದು ದೂರದವರೆಗೆ ಹಬ್ಬಿರುತ್ತದೆ. ಯಾರೂ ಹೇಳದಿದ್ದರೂ ಹಗಲು ರಾತ್ರಿ ತಾನಾಗಿಯೇ ಮಿಡಿಯುತ್ತಿರುತ್ತದೆ. ಪ್ರತಿ ಮಿಡಿತಕ್ಕೂ ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅದನ್ನು ಮತ್ತೆ ಹೊರಗೆ ಹಾಕಲು ಶಕ್ತಿ ಬೇಕು. ಮೇಲಾಗಿ ಡೋಪಮಿನ್ ತಾನೇ ಬೇಗ ಆಕ್ಸಿಡೈಸ್ ಆಗುವ, ಅಂದರೆ ಆಕ್ಸಿಜನ್ ತಾಗಿ ಕೆಡುವ, ವಸ್ತು. ಬೇರೆ ಕೋಶ ತಡೆದುಕೊಳ್ಳುವಷ್ಟು ಕೊರತೆಯನ್ನು ಇವು ತಡೆಯುವುದಿಲ್ಲ. ಕೈ ನಡುಗುವುದು ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಇವುಗಳಲ್ಲಿ ಸರಿಸುಮಾರು ಅರ್ಧ ಹೋಗಿರುತ್ತವೆ.

ಕಾಂಪ್ಲೆಕ್ಸ್ 1ಕ್ಕೂ ಈ ಕಾಯಿಲೆಗೂ ಇರುವ ನಂಟು ಮೊದಲು ಗೊತ್ತಾದದ್ದು ಒಂದು ದುರಂತದಿಂದ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಕದ್ದುಮುಚ್ಚಿ ತಯಾರಿಸಿದ ಮಾದಕ ವಸ್ತು ಚುಚ್ಚಿಕೊಂಡರು. ಕೆಲವೇ ದಿನಗಳಲ್ಲಿ ಮೈ ಮರಗಟ್ಟಿತು, ಮಾತು ನಿಂತಿತು. ವಿಲಿಯಂ ಲ್ಯಾಂಗ್‌ಸ್ಟನ್ ಅನ್ನುವ ವೈದ್ಯರು ಇದು ಮುದುಕರ ಪಾರ್ಕಿನ್ಸನ್ ಹಾಗೇ ಇದೆ ಅಂತ ಗುರುತಿಸಿದರು. ಆ ವಸ್ತುವಿನಲ್ಲಿ ಎಂಪಿಟಿಪಿ ಅನ್ನುವ ಕಲಬೆರಕೆ ಇತ್ತು. ಮಿದುಳಿನೊಳಗೆ ಅದು ಎಂಪಿಪಿ-ಪ್ಲಸ್ ಆಗಿ ಬದಲಾಗುತ್ತದೆ. ಡೋಪಮಿನ್ ಕೋಶಗಳು ಅದನ್ನು ಡೋಪಮಿನ್ ಅಂತಲೇ ತಿಳಿದು ಒಳಗೆ ಎಳೆದುಕೊಳ್ಳುತ್ತವೆ. ಒಳಗೆ ಹೋಗಿ ಅದು ಕಾಂಪ್ಲೆಕ್ಸ್ 1 ಅನ್ನು ನಿಲ್ಲಿಸುತ್ತದೆ. 2000ದಲ್ಲಿ ಇಲಿಗಳಿಗೆ ರೋಟೆನೋನ್ ಅನ್ನುವ ಗಿಡಮೂಲದ ಕೀಟನಾಶಕ ಕೊಟ್ಟು ನೋಡಿದರು. ಅದು ಎಲ್ಲ ಕೋಶಗಳಿಗೂ ನುಗ್ಗುವಂಥದ್ದು, ಮಿದುಳಿನ ಎಲ್ಲ ಕಡೆ ಕಾಂಪ್ಲೆಕ್ಸ್ 1 ಅನ್ನು ತಡೆಯಿತು. ಆದರೂ ಸತ್ತದ್ದು ಮುಖ್ಯವಾಗಿ ಆ ಡೋಪಮಿನ್ ಕೋಶಗಳೇ, ಮತ್ತು ಅವುಗಳಲ್ಲಿ ಆಲ್ಫಾ-ಸೈನ್ಯೂಕ್ಲಿನ್ ಮುದ್ದೆಗಳೂ ಕಂಡವು.

ಇದನ್ನು ಓದಿದಾಗ ನನಗೆ ನೆನಪಾದದ್ದು ತಿಕೋಟಾ ಕಡೆಯ ಮಾಮಾನ ದ್ರಾಕ್ಷಿ ತೋಟ. ಅಲ್ಲಿ ಎಣ್ಣೆ (ಕ್ರಿಮಿನಾಶಕ) ಹೊಡೆಯುವಾಗ ಮುಖಕ್ಕೆ ಒಂದು ಟವೆಲ್ ಸುತ್ತಿಕೊಂಡರೆ ಮುಗೀತು, ಕೈಗೆ ಗ್ಲೌಸ್ ಹಾಕುವವರೇ ಕಡಿಮೆ. ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ನಮ್ಮ ಕಡೆ ಅಂಗಡಿಯಲ್ಲಿ ಸಿಗುತ್ತದೆ. ಅದರ ರಾಸಾಯನಿಕ ರಚನೆ ಎಂಪಿಪಿ-ಪ್ಲಸ್ ಅನ್ನು ಬಹಳ ಹೋಲುತ್ತದೆ. ಕೆಲಸ ಮಾಡುವ ಬಗೆ ಮಾತ್ರ ಬೇರೆ, ಅದು ನೇರವಾಗಿ ಆಕ್ಸಿಜನ್‌ನ ಹಾನಿಕರ ರೂಪಗಳನ್ನು ಹುಟ್ಟಿಸುತ್ತದೆ. ಅಮೆರಿಕದ ರೈತಾಪಿ ಜನರ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಬಂತು. ರೋಟೆನೋನ್ ಇಲ್ಲವೇ ಪ್ಯಾರಾಕ್ವಾಟ್ ಬಳಸಿದ್ದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಜಾಸ್ತಿ ಕಂಡಿತ್ತು. ಹೊಡೆದವರಿಗೆಲ್ಲ ಬರುತ್ತದೆ ಅಂತ ಅಲ್ಲ. ಕಾಕಾ ಹೊಲಕ್ಕೆ ಕಾಲಿಟ್ಟವರೇ ಅಲ್ಲ, ಅವರಿಗೂ ಬಂತು. ಆದರೂ ಮಾಮಾಗೆ ಫೋನ್ ಮಾಡಿ ಗ್ಲೌಸ್, ಮಾಸ್ಕ್, ಹೊಡೆದ ಮೇಲೆ ಸ್ನಾನ, ಬಟ್ಟೆ ಬೇರೆ ಒಗೆಯೋದು ಇವಿಷ್ಟು ಬಿಡಬೇಡ ಅಂದೆ. "ಸೆಕಿಗೆ ಗ್ಲೌಸ್ ಹ್ಯಾಂಗ ಹಾಕ್ಕೊಳ್ಳೂದವಾ" ಅಂದರು. ಮುಂಜಾನೆ ಬೇಗ ಹೊಡೀರಿ ಅಂದೆ. ಈಗ ಹಾಗೇ ಮಾಡುತ್ತಿದ್ದಾರೆ.

ಕೆಟ್ಟ ಮೈಟೊಕಾಂಡ್ರಿಯಾವನ್ನು ತೆಗೆದುಹಾಕಲು ಕೋಶದಲ್ಲೇ ಒಂದು ವ್ಯವಸ್ಥೆ ಇದೆ. ಅದೂ ಈ ಬಾಗಿಲಿಗೇ ಸಂಬಂಧಿಸಿದ್ದು. ಪಿಂಕ್1 ಅನ್ನುವ ಪ್ರೋಟೀನ್ ಮೈಟೊಕಾಂಡ್ರಿಯಾ ಚೆನ್ನಾಗಿದ್ದಾಗ ಬಾಗಿಲಿನಿಂದ ಒಳಗೆ ಹೋಗುತ್ತದೆ, ಅಲ್ಲಿ ಕತ್ತರಿಸಿಕೊಂಡು ಇಲ್ಲವಾಗುತ್ತದೆ. ಮೈಟೊಕಾಂಡ್ರಿಯಾ ಕೆಟ್ಟಾಗ ಒಳಗೆ ಹೋಗಲು ಆಗದೆ ಹೊರಪೊರೆಯ ಮೇಲೇ ಗುಂಪುಗೂಡುತ್ತದೆ. ಅದನ್ನು ಕಂಡು ಪಾರ್ಕಿನ್ ಅನ್ನುವ ಇನ್ನೊಂದು ಪ್ರೋಟೀನ್ ಬರುತ್ತದೆ. ಇಬ್ಬರೂ ಸೇರಿ ಆ ಮೈಟೊಕಾಂಡ್ರಿಯಾಗೆ ಗುರುತು ಹಾಕುತ್ತಾರೆ, ಕೋಶ ಅದನ್ನು ಜೀರ್ಣಿಸಿಕೊಳ್ಳುತ್ತದೆ. ಒಳಗೆ ಹೋಗಲಾಗದೇ ಇರೋದೇ ಇಲ್ಲಿ ಸುದ್ದಿ ಮುಟ್ಟಿಸುವ ದಾರಿ. ನಾನು ಓದಿದ್ದರಲ್ಲಿ ಇಷ್ಟು ಚೆಂದದ ಏರ್ಪಾಡು ಇನ್ನೊಂದಿಲ್ಲ.

ಪಾರ್ಕಿನ್ ಜೀನ್ ಸಿಕ್ಕಿದ್ದು 1998ರಲ್ಲಿ ಜಪಾನಿನ ಕುಟುಂಬಗಳಲ್ಲಿ, ಪಿಂಕ್1 ಜೀನ್ 2004ರಲ್ಲಿ ಯುರೋಪಿನ ಕುಟುಂಬಗಳಲ್ಲಿ. ಅಲ್ಲಿ ಸಂಬಂಧದೊಳಗೇ ಮದುವೆಯಾದ ಮನೆತನಗಳಿದ್ದವು. ಇದನ್ನು ನಮ್ಮ ಕಡೆಯವರು ಗಮನಿಸಬೇಕು. ಅಕ್ಕನ ಮಗಳು, ಸೋದರತ್ತೆಯ ಮಗ ಅಂತ ಮದುವೆ ಮಾಡುವ ರೂಢಿ ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದೆ. ಈ ಎರಡು ಜೀನ್‌ಗಳ ದೋಷ ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದಾಗ ಕಾಯಿಲೆ ಆಗುತ್ತದೆ. ಒಂದೇ ಬಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಹೆಚ್ಚು. ಇಂಥ ಪಾರ್ಕಿನ್ಸನ್ ಮೂವತ್ತರ ವಯಸ್ಸಿನಲ್ಲೂ, ಅದಕ್ಕೂ ಮೊದಲೂ ಶುರುವಾಗಬಹುದು. ಮನೆಯಲ್ಲಿ ಚಿಕ್ಕ ವಯಸ್ಸಿನವರ ಕೈ ನಡುಗಿದರೆ, ಕಾಲು ಬಿಗಿದರೆ, "ವಾಯು ಹಿಡಿದದ, ಯಾರೋ ಮಾಡಿಸ್ಯಾರ" ಅಂತ ಅಲೆದಾಡುವ ಮೊದಲು ನರರೋಗದ ಡಾಕ್ಟರನ್ನು ನೋಡಿ. ಮದುವೆ ಯಾರ ಜೊತೆ ಆಯಿತು ಅಂತ ಅವರಿಗೆ ಮುಚ್ಚಿಡದೆ ಹೇಳಿ.

ಬೇರೆ ಕಾಯಿಲೆಗಳಲ್ಲೂ ಹೀಗೇ ಬೇರೆ ಬೇರೆ ಪ್ರೋಟೀನ್‌ಗಳು ಮೈಟೊಕಾಂಡ್ರಿಯಾಗೆ ತಗುಲಿಕೊಳ್ಳುತ್ತವೆ. ಹಂಟಿಂಗ್ಟನ್ ಅನ್ನುವ ಆನುವಂಶಿಕ ಮಿದುಳಿನ ಕಾಯಿಲೆಯಲ್ಲಿ ಕೆಟ್ಟ ಹಂಟಿಂಗ್ಟಿನ್ ಪ್ರೋಟೀನ್ ಒಳಬಾಗಿಲಾದ ಟಿಮ್23ಗೆ ಅಂಟುತ್ತದೆ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಎಎಲ್ಎಸ್ ಕಾಯಿಲೆಯ ಒಂದು ಬಗೆಯಲ್ಲಿ ಕೆಟ್ಟ ಎಸ್ಒಡಿ1 ಪ್ರೋಟೀನ್ ಹೊರಪೊರೆಯ ಇನ್ನೊಂದು ದಾರಿಗೆ ಅಂಟುತ್ತದೆ. ಮರೆವಿನ ಕಾಯಿಲೆಯಾದ ಆಲ್ಝೈಮರ್‌ನಲ್ಲಿ ಅಮಿಲಾಯ್ಡ್ ಅನ್ನುವ ಪ್ರೋಟೀನ್ ತುಣುಕು ಒಳಗೇ ಹೋಗಿ ಅಲ್ಲಿನ ಎನ್‌ಜೈಮ್‌ಗಳನ್ನು ಹಿಡಿಯುತ್ತದೆ. ಅವನ್ನು ಇಲ್ಲಿ ಬಿಡಿಸಲು ಹೋಗುವುದಿಲ್ಲ.

ಈಗ ಆ ಡಬ್ಬಿಯ ಪ್ರಶ್ನೆಗೆ ಉತ್ತರ. ಕ್ಯೂ10 ಅನ್ನುವುದು ಕಾಂಪ್ಲೆಕ್ಸ್ 1ರಿಂದ ಎಲೆಕ್ಟ್ರಾನ್ ಪಡೆದು ಮುಂದಕ್ಕೆ ಒಯ್ಯುವ ವಸ್ತು. ಕಾಂಪ್ಲೆಕ್ಸೇ ಅರೆಬರೆ ಇದ್ದರೆ, ಬಾಗಿಲೇ ಕಟ್ಟಿದ್ದರೆ, ಒಯ್ಯುವ ವಸ್ತುವನ್ನು ಜಾಸ್ತಿ ಮಾಡಿ ಏನು ಉಪಯೋಗ? ಇದು ನನ್ನ ತರ್ಕ ಅಷ್ಟೇ ಅಲ್ಲ, ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕ, ಕೆನಡಾಗಳಲ್ಲಿ 600 ಪಾರ್ಕಿನ್ಸನ್ ರೋಗಿಗಳನ್ನು ಸೇರಿಸಿಕೊಂಡರು. ಕೆಲವರಿಗೆ ದಿನಕ್ಕೆ 1,200 ಮಿಲಿಗ್ರಾಂ, ಕೆಲವರಿಗೆ 2,400 ಮಿಲಿಗ್ರಾಂ, ಉಳಿದವರಿಗೆ ಹುಸಿ ಮಾತ್ರೆ. ಏನೂ ಫಲ ಇಲ್ಲ ಅಂತ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು, 2014ರಲ್ಲಿ ವರದಿ ಬಂತು. ಶಕ್ತಿಗೆ ಅಂತ ಕೊಡುವ ಇನ್ನೊಂದು ವಸ್ತು ಕ್ರಿಯಾಟಿನ್ ಕೂಡ ಹಾಗೇ. 1,741 ರೋಗಿಗಳ ಮೇಲೆ ವರ್ಷಗಟ್ಟಲೆ ನೋಡಿ, 2013ರಲ್ಲಿ ಫಲ ಕಾಣಲಿಲ್ಲ ಅಂತ ನಿಲ್ಲಿಸಿದರು. ನಮ್ಮ ಕಡೆ ಸಿಗುವ ಡಬ್ಬಿಗಳಲ್ಲಿ ಒಂದು ಮಾತ್ರೆಗೆ 100, 200 ಮಿಲಿಗ್ರಾಂ ಇರುತ್ತದೆ. ಅದಕ್ಕೆ ಕಾಕಿ ಸೀರೆ ಮಾರಿ ಬಂದ ದುಡ್ಡು ಹಾಕೋದು ನನಗೆ ಸಂಕಟ ಆಗುತ್ತದೆ.

ಆ ದುಡ್ಡು, ಆ ಕಾಳಜಿ ಎರಡೂ ಪಾರ್ಕಿನ್ಸನ್‌ಗೆ ಡಾಕ್ಟರ್ ಕೊಡುವ ಲೆವೊಡೋಪಾ ಮಾತ್ರೆಯ ಹೊತ್ತಿನ ಕಡೆಗೆ ಹೋಗಲಿ. ಅದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಬಾಗಿಲನ್ನೂ ತೆರೆಯುವುದಿಲ್ಲ. ಉಳಿದ ಕೋಶಗಳಿಗೆ ಡೋಪಮಿನ್ ಮಾಡಿಕೊಳ್ಳಲು ಬೇಕಾದ ವಸ್ತು ಕೊಡುತ್ತದೆ ಅಷ್ಟೇ. ಆದರೆ ಆ ಅಷ್ಟರಿಂದಲೇ ಕಾಕಾ ತಾವೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ, ತಾವೇ ತುತ್ತು ಮಾಡಿ ಉಣ್ಣುತ್ತಾರೆ. ಊಟದ ಪ್ರೋಟೀನ್ ಇಲ್ಲಿ ಅಡ್ಡ ಬರುತ್ತದೆ. ಅದು ಜೀರ್ಣವಾಗಿ ಆದ ಅಮೈನೋ ಆಮ್ಲಗಳು ಮತ್ತು ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಒಂದೇ ದಾರಿಯಲ್ಲಿ ಹೋಗಬೇಕು. ಕಾಕಾ ಮೊದಲು ಮಧ್ಯಾಹ್ನದ ಮಾತ್ರೆಯನ್ನು ಊಟದ ಕೊನೆಗೆ ಮೊಸರಿನ ಜೊತೆ ನುಂಗುತ್ತಿದ್ದರು. ತಟ್ಟೆಯಲ್ಲಿ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಮಧ್ಯಾಹ್ನ ಪೂರ್ತಿ ಕಾಲು ನೆಲಕ್ಕೆ ಅಂಟಿದ ಹಾಗೆ ಆಗುತ್ತಿತ್ತು. ಡಾಕ್ಟರ್ ಹೇಳಿದ ಮೇಲೆ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆಗೂ ಮುಂಚೆ ನೀರಿನ ಜೊತೆ ಕೊಡಲು ಶುರು ಮಾಡಿದರು. ಕಾಳು, ಮೊಸರು ಬಿಡಿಸಲಿಲ್ಲ. ಬಿಟ್ಟರೆ ಮೈ ಸೊರಗುತ್ತದೆ. ಹೊತ್ತು ಬದಲಾಯಿಸಿದ್ದಷ್ಟೇ. ಈಗ ಮಧ್ಯಾಹ್ನ ಓಣಿಯ ತುದಿಯವರೆಗೂ ನಡೆದು ಬರುತ್ತಾರೆ. ನಿಮ್ಮ ಮನೆಯಲ್ಲೂ ಈ ಮಾತ್ರೆ ನಡೆಯುತ್ತಿದ್ದರೆ ಹೊತ್ತಿನ ಬಗ್ಗೆ ನಿಮ್ಮ ಡಾಕ್ಟರನ್ನೇ ಕೇಳಿ.

ಬಾಗಿಲನ್ನೇ ಬಿಡಿಸುವ ಔಷಧ ಇನ್ನೂ ಬಂದಿಲ್ಲ. ಆಲ್ಫಾ-ಸೈನ್ಯೂಕ್ಲಿನ್ ಅನ್ನು ಹಿಡಿಯುವ ಎರಡು ಆಂಟಿಬಾಡಿಗಳ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು, ಎರಡೂ ಮುಖ್ಯ ಗುರಿ ಮುಟ್ಟಲಿಲ್ಲ. ಆಂಟಿಬಾಡಿ ಮುಖ್ಯವಾಗಿ ಕೋಶದ ಹೊರಗೆ ಇರುವುದನ್ನು ಹಿಡಿಯುತ್ತದೆ. ಟಾಮ್20 ಇರುವುದು ಕೋಶದ ಒಳಗೆ. ಅದಕ್ಕೇ ನನಗೆ ಪಿಂಕ್1, ಪಾರ್ಕಿನ್ ಕೆಲಸವನ್ನು ಚುರುಕು ಮಾಡಲು ನಡೆದಿರುವ ಪ್ರಯತ್ನಗಳ ಮೇಲೆ ಹೆಚ್ಚು ನಂಬಿಕೆ. ಇದು ಒಬ್ಬ ಟೀಚರಿನ ಅಭಿಪ್ರಾಯ, ವೈದ್ಯರದ್ದಲ್ಲ.

ಒಂದು ಎಚ್ಚರಿಕೆ ಬಾಕಿ ಇದೆ. ನಮ್ಮ ಕಡೆ ಕಂಪವಾತಕ್ಕೆ ನಸುಗುನ್ನಿ ಬೀಜದ ಪುಡಿ ಕೊಡುತ್ತಾರೆ. ಅದನ್ನು ಸುಮ್ನೆ ಅಂತ ತಳ್ಳಿಹಾಕಲು ಬರುವುದಿಲ್ಲ. ಅದರಲ್ಲಿ ಇರುವುದು ನಿಜವಾದ ಲೆವೊಡೋಪಾ. ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಆ ಬೀಜದಿಂದ ಅದನ್ನು ಬೇರ್ಪಡಿಸಿದ್ದರು. ಕಷ್ಟ ಇರುವುದೂ ಅಲ್ಲಿಯೇ. ಒಂದು ಚಮಚ ಪುಡಿಯಲ್ಲಿ ಎಷ್ಟು ಇದೆ ಅಂತ ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಮಾತ್ರೆಯ ಮೇಲೆ ಅದೂ ಸೇರಿದರೆ ಕೈಕಾಲು ತಾವಾಗಿ ಹೊರಳಾಡಬಹುದು, ಇಲ್ಲದ್ದು ಕಾಣಬಹುದು, ಎದ್ದು ನಿಂತಾಗ ಬಿಪಿ ಇಳಿದು ಬೀಳಬಹುದು. ಕೊಡುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಮಾತ್ರೆಯ ಚೀಟಿ ಒಯ್ಯುವ ಚೀಲದಲ್ಲೇ ಆ ಪುಡಿಯ ಡಬ್ಬಿಯನ್ನೂ ಇಟ್ಟುಕೊಂಡು ಹೋಗಿ ತೋರಿಸಿ.